ಗರ್ಭಿಣಿಗೆ ಉಣ್ಣೆ ಕಚ್ಚಿದರೆ: ಪರೀಕ್ಷೆ ಯಾವಾಗ, ಮಾತ್ರೆ ಯಾವುದು, ನಾಯಿಯ ಗತಿಯೇನು?

ಪ್ರಶ್ನೆ: ನನಗೆ 29 ವರ್ಷ, ಚೊಚ್ಚಲ ಬಸಿರು, ಈಗ 22 ವಾರ. ಬೆಂಗಳೂರಿನಲ್ಲಿ ನೆಲಮಹಡಿಯ ಬಾಡಿಗೆ ಮನೆ. ಪಕ್ಕದ ಖಾಲಿ ಸೈಟ್‌ನಲ್ಲಿ ಎದೆಯೆತ್ತರ ಕಳೆ ಬೆಳೆದಿದೆ, ಹೆಗ್ಗಣಗಳ ಕಾಟವೂ ಇದೆ. ನಾಲ್ಕು ವರ್ಷದಿಂದ ಸಾಕಿದ ನಾಟಿ ನಾಯಿಗೆ ಕಳೆದ ತಿಂಗಳು ‘ಟಿಕ್ ಫೀವರ್’ ಆಗಿ ಚಿಕಿತ್ಸೆ ಕೊಡಿಸಿದೆವು. ಈಗ ಗೋಡೆಯ ಮೇಲೂ ಕಂದು ಉಣ್ಣೆಗಳು ಹತ್ತುತ್ತಿವೆ. ಹತ್ತು ದಿನದ ಹಿಂದೆ ನನ್ನ ಮಂಡಿಯ ಹಿಂಭಾಗದಲ್ಲಿ ಒಂದು ಉಣ್ಣೆ ಕಚ್ಚಿಕೊಂಡಿತ್ತು. ಕೈಯಲ್ಲೇ ಕಿತ್ತು ಉಗುರಿನಿಂದ ಒತ್ತಿ ಸಾಯಿಸಿದೆ. ಕಣಕಾಲಿನ ಸುತ್ತ ಚಿಗಟ ಕಚ್ಚಿದ ಗುಳ್ಳೆಗಳಿವೆ. ಜ್ವರ ಇಲ್ಲ. ನಾಯಿಯನ್ನು ಎಲ್ಲಾದರೂ ಬಿಟ್ಟು ಬನ್ನಿ ಎಂದು ಅತ್ತೆ ಹೇಳುತ್ತಿದ್ದಾರೆ. ಅಂತರ್ಜಾಲದಲ್ಲಿ ಲೈಮ್ ರೋಗದ ಬಗ್ಗೆ ಓದಿ ನಿದ್ದೆ ಹತ್ತುತ್ತಿಲ್ಲ. ನಾನು ರಕ್ತಪರೀಕ್ಷೆ ಮಾಡಿಸಬೇಕೆ? ಮುನ್ನೆಚ್ಚರಿಕೆಗೆ ಮಾತ್ರೆ ತೆಗೆದುಕೊಳ್ಳಬಹುದೆ? ಜನವರಿಯಲ್ಲಿ ಸೀಮಂತ ಮುಗಿಸಿಕೊಂಡು ಹೆರಿಗೆಗೆ ಸಾಗರದ ಹತ್ತಿರದ ತವರಿಗೆ ಹೋಗುವವಳಿದ್ದೇನೆ. ಅಲ್ಲಿ ಮಂಗನ ಕಾಯಿಲೆಯ ಭಯ. ಹೋಗಬಹುದೆ? (ಹೆಸರು ಪ್ರಕಟಿಸಬಾರದೆಂದು ಕೋರಿದ್ದಾರೆ.)

ಉತ್ತರ: ತುರ್ತಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ಜ್ವರ ಇಲ್ಲದ ನಿಮಗೆ ಇವತ್ತು ರಕ್ತಪರೀಕ್ಷೆಯೂ ಬೇಡ, ‘ಎದಕ್ಕೂ ಇರಲಿ’ ಎಂದು ನುಂಗುವ ಆಂಟಿಬಯಾಟಿಕ್ಕೂ ಬೇಡ. ಉಣ್ಣೆ ಕಚ್ಚಿದವರಲ್ಲಿ ಬಹುಪಾಲು ಜನರಿಗೆ ಏನೂ ಆಗುವುದಿಲ್ಲ. ಆದರೆ ಕಚ್ಚಿದ ದಿನಾಂಕವನ್ನು ನಿಮ್ಮ ತಾಯಿ ಕಾರ್ಡಿನಲ್ಲಿ ಬರೆದಿಡಿ, 21 ದಿನ ತುಂಬುವವರೆಗೆ ಬೆಳಿಗ್ಗೆ ಸಂಜೆ ಥರ್ಮಾಮೀಟರ್ ಇಟ್ಟು ನೋಡಿ. ಬಾಯಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ತೋರಿಸಿದರೆ ಆವತ್ತೇ ವೈದ್ಯರನ್ನು ಕಾಣಿ. 21 ದಿನ ಯಾಕೆಂದರೆ ಉಣ್ಣೆ, ಚಿಗಟ, ನುಸಿಗಳಿಂದ ಬರುವ ಜ್ವರಗಳಲ್ಲಿ ಅತಿ ನಿಧಾನವಾಗಿ ತಲೆಯೆತ್ತುವ ಸ್ಕ್ರಬ್ ಟೈಫಸ್‌ಗೆ (ಕಳೆಯಲ್ಲಿರುವ ನುಸಿಮರಿಗಳಿಂದ ಬರುವ ಜ್ವರ) 6ರಿಂದ 21 ದಿನ ಹಿಡಿಯುತ್ತದೆ. ಉಣ್ಣೆಯಿಂದ ಬರುವ ಜ್ವರ ಸಾಮಾನ್ಯವಾಗಿ ವಾರದೊಳಗೆ, ಹೆಚ್ಚೆಂದರೆ ಎರಡು ವಾರದಲ್ಲಿ ಕಾಣಿಸುತ್ತದೆ. ಹಾಗಾಗಿ ಹತ್ತು ದಿನ ಕಳೆದ ನಿಮ್ಮ ಆ ಒಂದು ಉಣ್ಣೆಯ ಮಟ್ಟಿಗೆ ಅಪಾಯದ ಹೆಚ್ಚಿನ ಭಾಗ ದಾಟಿದೆ. ಗೋಡೆಯ ಮೇಲಿನ ಉಣ್ಣೆ ಮತ್ತು ಪಕ್ಕದ ಸೈಟು ಇರುವ ತನಕ ಈ ಲೆಕ್ಕ ಮತ್ತೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ.

ಜ್ವರವಿಲ್ಲದಾಗ ಪರೀಕ್ಷೆ ಮಾಡಿಸಿದರೆ ಏನು ಕೆಡುತ್ತದೆ ಎಂದು ಹಲವರು ಕೇಳುತ್ತಾರೆ. ಲ್ಯಾಬ್‌ಗಳಲ್ಲಿ ಮಾಡುವ ಐಜಿಎಂ ಎಲೈಸಾ ರೋಗಾಣುವನ್ನು ಹುಡುಕುವುದಿಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು ಹುಡುಕುತ್ತದೆ. ಅದು ರಕ್ತದಲ್ಲಿ ಅಳೆಯುವಷ್ಟಾಗಲು ಜ್ವರ ಶುರುವಾಗಿ ಐದಾರು ದಿನ ಬೇಕು. ಇನ್ನೊಂದೆಡೆ, ಎಂದೋ ಬಂದುಹೋದ ಸೋಂಕಿನಿಂದಲೂ ಅದು ತಿಂಗಳುಗಟ್ಟಲೆ ಪಾಸಿಟಿವ್ ಬರಬಹುದು. ಅಂದರೆ ಈಗ ನೆಗೆಟಿವ್ ಬಂದರೆ ಧೈರ್ಯ ತಾಳುವಂತಿಲ್ಲ, ಪಾಸಿಟಿವ್ ಬಂದರೆ ಬೇಕಿಲ್ಲದ ಮಾತ್ರೆ, ಬೇಕಿಲ್ಲದ ಕಣ್ಣೀರು.

ಇನ್ನು ನಿಮ್ಮ ಮನೆಯ ಸುತ್ತ ನಿಜಕ್ಕೂ ಇರಬಹುದಾದ ಸೋಂಕುಗಳು ಯಾವುವು ನೋಡೋಣ. ಅವು ಮೂರು. ಮೂರೂ ರಿಕೆಟ್ಸಿಯಾ ಎಂಬ ಬ್ಯಾಕ್ಟೀರಿಯಾ ಬಳಗದವು, ಮೂರಕ್ಕೂ ದಾರಿ ಬೇರೆ.

ಗೋಡೆ ಹತ್ತುವ ಕಂದು ನಾಯಿ ಉಣ್ಣೆ ಹೊತ್ತು ತರಬಹುದಾದದ್ದು ಇಂಡಿಯನ್ ಟಿಕ್ ಟೈಫಸ್. ರೋಗಾಣುವಿನ ಹೆಸರು ರಿಕೆಟ್ಸಿಯಾ ಕೊನೊರಿ. ತೀವ್ರ ಜ್ವರ, ತಲೆ ಒಡೆಯುವ ನೋವು, ಮೂರರಿಂದ ಐದನೇ ದಿನದ ಹೊತ್ತಿಗೆ ಮೈಮೇಲೆ ಕೆಂಪು ಚುಕ್ಕೆಗಳು. ಈ ಚುಕ್ಕೆಗಳು ಅಂಗೈ, ಅಂಗಾಲಿನಲ್ಲೂ ಏಳುವುದು ಇದರ ಗುರುತು. ನಮ್ಮ ಮೈಬಣ್ಣದಲ್ಲಿ ಕೆಂಪು ಸುಲಭಕ್ಕೆ ಕಾಣದು, ಹಗಲು ಬೆಳಕಿನಲ್ಲಿ ಅಂಗಾಲು ನೋಡಿಕೊಳ್ಳಬೇಕು. ಉಣ್ಣೆಯನ್ನು ಉಗುರಿನಲ್ಲಿ ಒತ್ತಿ ಸಾಯಿಸಿದೆ ಎಂದಿದ್ದೀರಲ್ಲ, ಅದು ಕಚ್ಚಿಸಿಕೊಳ್ಳುವುದಕ್ಕಿಂತ ಕಡಿಮೆ ಅಪಾಯದ್ದೇನಲ್ಲ. ಒಡೆದ ಉಣ್ಣೆಯ ರಸ ಉಗುರುಸುತ್ತಿನ ಗೀರಿನ ಮೂಲಕವೋ, ಆ ಕೈಯಿಂದ ಕಣ್ಣುಜ್ಜಿಕೊಂಡರೆ ಕಣ್ಣಿನ ಮೂಲಕವೋ ಒಳಸೇರಬಹುದು. ನಾಯಿ ಸಾಕುವ ಮನೆಗಳಲ್ಲಿ ಬಿಸಿಲಿಗೆ ಕೂತು ಉಣ್ಣೆ ಹೆಕ್ಕಿ ಕುಟ್ಟುವುದು ಒಂದು ಹವ್ಯಾಸವೇ ಆಗಿರುತ್ತದೆ. ಆ ಕೆಲಸ ಇನ್ನು ನಿಮಗೆ ಬೇಡ.

ಎರಡನೆಯದು ಇಲಿ, ಹೆಗ್ಗಣಗಳ ಚಿಗಟದಿಂದ ಬರುವ ಮ್ಯೂರಿನ್ ಟೈಫಸ್. ಇಲ್ಲಿ ಕಚ್ಚಿದ ಬಾಯಿಗಿಂತ ಚಿಗಟದ ಹಿಕ್ಕೆಯೇ ಮುಖ್ಯ ದಾರಿ: ಕಚ್ಚಿದಲ್ಲಿ ತುರಿಸಿಕೊಂಡಾಗ ಹಿಕ್ಕೆ ಗೀರಿನೊಳಗೆ ಉಜ್ಜಿ ಸೇರುತ್ತದೆ. ಹಾಗಾಗಿ ಕಣಕಾಲಿನ ಗುಳ್ಳೆಗಳನ್ನು ತುರಿಸಬೇಡಿ. ಸೋಪು ಹಚ್ಚಿ ತೊಳೆದು ಕ್ಯಾಲಮೈನ್ ಲೋಷನ್ ಹಚ್ಚಿ, ಉಗುರು ಗಿಡ್ಡ ಇರಲಿ. ಬೆಕ್ಕಿನ ಚಿಗಟ ಎಂದು ಕರೆಯುವ ಜಾತಿ (ನಾಯಿಗಳ ಮೇಲೂ ಹೆಚ್ಚಾಗಿ ಇರುವುದು ಇದೇ) ರಿಕೆಟ್ಸಿಯಾ ಫೆಲಿಸ್ ಎಂಬ ಇನ್ನೊಂದು ರೋಗಾಣುವನ್ನು ಒಯ್ಯುತ್ತದೆ.

ಮೂರನೆಯದನ್ನು ನೀವು ಕೇಳಿಯೇ ಇಲ್ಲ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಅದೇ, ಆ ಖಾಲಿ ಸೈಟು. ಸ್ಕ್ರಬ್ ಟೈಫಸ್ ಬರುವುದು ಉಣ್ಣೆಯಿಂದಲೂ ಅಲ್ಲ, ಚಿಗಟದಿಂದಲೂ ಅಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿಗಳಿಂದ. ಇಲಿ, ಹೆಗ್ಗಣ ಓಡಾಡುವ ಕಳೆಗಿಡಗಳ ನಡುವೆ ಅವು ಇರುತ್ತವೆ, ಹುಲ್ಲಿನ ತುದಿಗೆ ಹತ್ತಿ ದಾರಿಹೋಕರ ಮೈಗೆ ಅಂಟಿಕೊಳ್ಳುತ್ತವೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಮಳೆಗಾಲ ಮುಗಿಯುತ್ತಿದ್ದಂತೆ ಡಿಸೆಂಬರ್, ಜನವರಿಯ ತನಕ ಇದರ ಕಾಲ. ದಕ್ಷಿಣ ಭಾರತದಲ್ಲಿ ಮೂಲ ತಿಳಿಯದ ಜ್ವರಗಳ ಹಿಂದೆ ಇರುವ ದೊಡ್ಡ ಕಾರಣಗಳಲ್ಲಿ ಇದೂ ಒಂದು. ಹಳ್ಳಿಗಾಡಿನ ಕಾಯಿಲೆ ಎಂಬ ಭಾವನೆ ವೈದ್ಯರಲ್ಲೂ ಇದೆ, ಆದರೆ ನಗರದ ಅಂಚಿನ ಬಡಾವಣೆ, ಕಳೆ ತುಂಬಿದ ಸೈಟು, ರಾಜಕಾಲುವೆಯ ದಡ ಇವೆಲ್ಲ ಅದಕ್ಕೆ ಹೇಳಿ ಮಾಡಿಸಿದ ಜಾಗಗಳು.

ಈಗ ಭಯದ ಪಟ್ಟಿಯಿಂದ ತೆಗೆದುಹಾಕಬಹುದಾದವು. ಲೈಮ್ ರೋಗ ಹರಡುವುದು ಇಕ್ಸೋಡಿಸ್ ಎಂಬ ಬೇರೆ ಕುಲದ ಉಣ್ಣೆ. ನಿಮ್ಮ ಗೋಡೆಯ ಕಂದು ಉಣ್ಣೆ ಅದನ್ನು ಹರಡುವುದಿಲ್ಲ. ನೀವು ಓದಿದ ಲೇಖನಗಳು ಅಮೆರಿಕ, ಯುರೋಪಿನ ಗರ್ಭಿಣಿಯರಿಗಾಗಿ ಬರೆದವು. ನಾಯಿಗೆ ಬಂದಿದ್ದ ‘ಟಿಕ್ ಫೀವರ್’ ಸಾಮಾನ್ಯವಾಗಿ ಎರ್ಲಿಕಿಯಾ ಕೇನಿಸ್ ಅಥವಾ ಬಬೇಸಿಯಾ, ಅದು ನಾಯಿಯ ಮೈಯಿಂದ, ಜೊಲ್ಲಿನಿಂದ ನಿಮಗೆ ಹತ್ತುವುದಿಲ್ಲ. ನಾಯಿಗೆ ಚಿಕಿತ್ಸೆ ಆಗಿದೆ ಎಂದ ಮಾತ್ರಕ್ಕೆ ಉಣ್ಣೆಯ ಅಪಾಯ ಹೋಯಿತೆಂದಲ್ಲ, ನಾಯಿಗೆ ಜ್ವರ ಬಂತೆಂದ ಮಾತ್ರಕ್ಕೆ ನಿಮಗೂ ಬಂತೆಂದೂ ಅಲ್ಲ. ಟಾಕ್ಸೊಪ್ಲಾಸ್ಮಾ ಭ್ರೂಣಕ್ಕೆ ಹಾನಿ ಮಾಡಬಲ್ಲದು ನಿಜ, ಆದರೆ ಅದು ಬೆಕ್ಕಿನ ಮಲ, ಮಣ್ಣು, ಅರೆಬೆಂದ ಮಾಂಸದ ದಾರಿಯದು. ಉಣ್ಣೆ, ಚಿಗಟ, ನಾಯಿಗೆ ಅದರಲ್ಲಿ ಪಾತ್ರವಿಲ್ಲ. ಚಿಗಟ ಎಂದಕೂಡಲೇ ಹಿರಿಯರಿಗೆ ಪ್ಲೇಗ್ ನೆನಪಾಗುತ್ತದೆ. 1898ರಲ್ಲಿ ಬೆಂಗಳೂರನ್ನು ನಡುಗಿಸಿದ ಆ ರೋಗ ಇಂದು ನಿಮ್ಮ ಬೀದಿಯಲ್ಲಿಲ್ಲ.

ಗರ್ಭಿಣಿಯರಿಗೇ ಯಾಕೆ ಇಷ್ಟೊಂದು ಎಚ್ಚರಿಕೆ? ರಿಕೆಟ್ಸಿಯಾ ಬಳಗದ ರೋಗಾಣುಗಳು ರಕ್ತನಾಳಗಳ ಒಳಪದರದ ಕೋಶಗಳೊಳಗೆ ನೆಲೆಸುತ್ತವೆ. ನಾಳ ಸೋರುತ್ತದೆ, ಉರಿಯೂತ ಏಳುತ್ತದೆ, ಶ್ವಾಸಕೋಶ, ಯಕೃತ್ತು, ಮೂತ್ರಪಿಂಡ, ಮೆದುಳು ಯಾವುದಕ್ಕೂ ಪೆಟ್ಟಾಗಬಹುದು. ಮಾಸು ಅಂದರೆ ರಕ್ತನಾಳಗಳ ಗೊಂಚಲೇ ತಾನೆ? ಥಾಯ್ಲೆಂಡ್–ಮ್ಯಾನ್ಮಾರ್ ಗಡಿಯಲ್ಲಿ ಮತ್ತು ವೆಲ್ಲೂರಿನಲ್ಲಿ ನಡೆದ ಅಧ್ಯಯನಗಳಲ್ಲಿ ಟೈಫಸ್ ತಗುಲಿದ ಗರ್ಭಿಣಿಯರಲ್ಲಿ ಗರ್ಭಪಾತ, ಹೊಟ್ಟೆಯಲ್ಲೇ ಮಗು ತೀರಿಕೊಳ್ಳುವುದು, ದಿನ ತುಂಬುವ ಮುನ್ನ ಹೆರಿಗೆ, ಕಡಿಮೆ ತೂಕದ ಮಗು ಇವೆಲ್ಲ ಎದ್ದು ಕಾಣುವಷ್ಟಿದ್ದವು. ಎಷ್ಟೋ ಬಾರಿ ತಾಯಿ ಚೇತರಿಸಿಕೊಂಡಳು, ಮಗು ಉಳಿಯಲಿಲ್ಲ. ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಕೆಟ್ಟದ್ದಾದ ಪ್ರಕರಣಗಳಲ್ಲಿ ಪದೇ ಪದೇ ಕಾಣುವುದು ತಡವಾಗಿ ಶುರುವಾದ ಔಷಧ, ಮತ್ತು ತಡ ನಿಮ್ಮ, ನಿಮ್ಮ ವೈದ್ಯರ ಕೈಯಲ್ಲಿರುವ ವಿಷಯ.

ಬಸಿರಿನಲ್ಲಿ ತಡವಾಗುವ ದಾರಿಗಳು ಹಲವು. ವಾಂತಿ, ಮೈಕೈ ನೋವು, ಸುಸ್ತು, ಕಾಲು ಊತ, ಏದುಸಿರು ಎಲ್ಲವನ್ನೂ ಬಸಿರಿನ ತಲೆಗೆ ಕಟ್ಟುತ್ತೇವೆ. ಬಸಿರಿನಲ್ಲಿ ಬಿಳಿ ರಕ್ತಕಣ ಸಹಜವಾಗಿಯೇ ಏರಿರುತ್ತದೆ, ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಮಾಸಿನಿಂದಲೇ ಹೆಚ್ಚುತ್ತದೆ, ಪ್ಲೇಟ್‌ಲೆಟ್ ತುಸು ಇಳಿಯುತ್ತದೆ. ವರದಿ ನೋಡಿದವರು ‘ಬಸಿರಿನಲ್ಲಿ ಹೀಗೇ’ ಎಂದು ಪಕ್ಕಕ್ಕಿಡಬಹುದು. ಆದರೆ ಯಕೃತ್ತಿನ ಪರೀಕ್ಷೆಯಲ್ಲಿ ನೋಡುವ ಎಸ್‌ಜಿಒಟಿ, ಎಸ್‌ಜಿಪಿಟಿ ಬಸಿರಿನಿಂದ ಏರುವುದಿಲ್ಲ, ಪ್ಲೇಟ್‌ಲೆಟ್ 1 ಲಕ್ಷಕ್ಕಿಂತ ಕೆಳಗಿಳಿದರೆ ಅದನ್ನು ಬಸಿರಿನ ಲೆಕ್ಕಕ್ಕೆ ಬರೆಯಬಾರದು. 20 ವಾರದ ನಂತರ ಪ್ಲೇಟ್‌ಲೆಟ್ ಇಳಿದು ಯಕೃತ್ತಿನ ಅಂಶ ಏರಿದಾಗ ಪ್ರಸೂತಿ ತಜ್ಞರಿಗೆ ಮೊದಲು ಹೊಳೆಯುವುದು ಬಿಪಿಗೆ ಸಂಬಂಧಿಸಿದ ಹೆಲ್ಪ್ ಸಿಂಡ್ರೋಮ್. ಅದು ಸರಿಯಾದ ಯೋಚನೆಯೇ. ಜೊತೆಗೆ ಜ್ವರವಿದ್ದರೆ ಸ್ಕ್ರಬ್, ಡೆಂಗಿ ಎರಡನ್ನೂ ಅದೇ ಉಸಿರಿನಲ್ಲಿ ನೆನೆಯಬೇಕು.

ಇನ್ನೊಂದು ತೀರ ಮಾಮೂಲಿ ದಾರಿ: ಜ್ವರದ ಮೂರನೇ ದಿನ ವಿಡಾಲ್ ಟೆಸ್ಟ್, ‘ಪಾಸಿಟಿವ್, ಟೈಫಾಯ್ಡ್’, ಐದು ದಿನ ಸೆಫಿಕ್ಸಿಮ್ ಅಥವಾ ಡ್ರಿಪ್‌ನಲ್ಲಿ ಸೆಫ್ಟ್ರಿಯಾಕ್ಸೋನ್. ಈ ಎರಡೂ ಔಷಧಗಳು ರಿಕೆಟ್ಸಿಯಾ, ಸ್ಕ್ರಬ್ ಮೇಲೆ ಕೆಲಸವನ್ನೇ ಮಾಡುವುದಿಲ್ಲ. ಗರ್ಭಕ್ಕೆ ಸುರಕ್ಷಿತ ಔಷಧ ಕೊಟ್ಟಿದ್ದೇವೆಂಬ ಸಮಾಧಾನದಲ್ಲಿ ಒಂದು ವಾರ ಕಳೆದುಹೋಗುತ್ತದೆ. ಒಂದೇ ಸಲ ಮಾಡಿಸಿದ ವಿಡಾಲ್ ನಂಬಿ ಗರ್ಭಿಣಿಗೆ ಟೈಫಾಯ್ಡ್ ಎಂದು ತೀರ್ಮಾನಿಸುವುದನ್ನು ನಾನು ಒಪ್ಪುವುದಿಲ್ಲ. ಟೈಫಾಯ್ಡ್ ಅನುಮಾನವಿದ್ದರೆ ಆಂಟಿಬಯಾಟಿಕ್ ಕೊಡುವ ಮುನ್ನ ಬ್ಲಡ್ ಕಲ್ಚರ್ ಕಳಿಸಬೇಕು.

ಹಾಗಾದರೆ ಜ್ವರ ಬಂದರೆ ಏನು ಮಾಡಬೇಕು? ಮೊದಲ ದಿನವೇ ವೈದ್ಯರ ಬಳಿ ಹೋಗಿ, ಅವರು ಕೇಳದಿದ್ದರೂ ನಾಲ್ಕು ಮಾತು ಹೇಳಿ: ಎಷ್ಟು ವಾರದ ಬಸಿರು, ಉಣ್ಣೆ ಕಚ್ಚಿದ ದಿನಾಂಕ, ಪಕ್ಕದ ಕಳೆ ತುಂಬಿದ ಸೈಟು ಮತ್ತು ಹೆಗ್ಗಣ, ಕಳೆದ ಮೂರು ವಾರದಲ್ಲಿ ಹೋಗಿಬಂದ ಊರುಗಳು. ಜ್ವರಕ್ಕೆ ಪ್ಯಾರಸಿಟಮಾಲ್ 500 ಅಥವಾ 650 ಮಿಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಮೀರದಂತೆ. ಐಬುಪ್ರೊಫೇನ್, ಡೈಕ್ಲೊಫೆನಾಕ್ ಬೇಡವೇ ಬೇಡ. 20 ವಾರದ ನಂತರ ಅವು ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಕೊಟ್ಟು ಗರ್ಭಜಲ ಕಡಿಮೆ ಮಾಡಬಹುದು, ಜ್ವರ ಡೆಂಗಿಯಾಗಿದ್ದರೆ ರಕ್ತಸ್ರಾವದ ಭಯ ಬೇರೆ.

ಮೊದಲ ದಿನಗಳಲ್ಲಿ ಸಿಬಿಸಿ, ಡೆಂಗಿ ಎನ್‌ಎಸ್1, ಮಲೇರಿಯಾ, ಮೂತ್ರ ಪರೀಕ್ಷೆ, ಯಕೃತ್ತು ಮತ್ತು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸುತ್ತಾರೆ. ಮೂತ್ರದ ಸೋಂಕು ಬಸಿರಿನಲ್ಲಿ ಜ್ವರ ತರುವ ಮಾಮೂಲಿ ಕಾರಣ, ಅದನ್ನು ಬಿಟ್ಟು ದೂರದ್ದನ್ನು ಹುಡುಕಬಾರದು. ಜ್ವರ ಐದನೇ ದಿನಕ್ಕೆ ಕಾಲಿಟ್ಟರೆ ಸ್ಕ್ರಬ್ ಐಜಿಎಂ ಎಲೈಸಾ. ಪಿಸಿಆರ್ ಸೌಲಭ್ಯವಿರುವ ಆಸ್ಪತ್ರೆಯಾದರೆ ಮೊದಲ ವಾರದಲ್ಲೇ ಪತ್ತೆಯಾಗುತ್ತದೆ. ಸಣ್ಣ ಲ್ಯಾಬ್‌ಗಳಲ್ಲಿ ಸಿಗುವ ವೈಲ್-ಫೆಲಿಕ್ಸ್ ಎಂಬ ಹಳೆಯ ರಕ್ತಪರೀಕ್ಷೆ ಅಗ್ಗ. ಅದರಲ್ಲಿ ಓಎಕ್ಸ್-ಕೆ ಏರಿದ್ದರೆ ಸ್ಕ್ರಬ್ ಕಡೆಗೆ, ಓಎಕ್ಸ್-19 ಅಥವಾ ಓಎಕ್ಸ್-2 ಏರಿದ್ದರೆ ಚಿಗಟ, ಉಣ್ಣೆಯ ಟೈಫಸ್ ಕಡೆಗೆ ಬೆರಳು ತೋರಿಸುತ್ತದೆ. ಆದರೆ ರೋಗವಿದ್ದರೂ ನೆಗೆಟಿವ್ ಬರುವುದು ಹೆಚ್ಚು. ನೆಗೆಟಿವ್ ಬಂತೆಂದು ಅನುಮಾನ ಕೈಬಿಡಬಾರದು.

ಯಾವ ಲ್ಯಾಬಿಗಿಂತಲೂ ಬೇಗ ಉತ್ತರ ಕೊಡುವುದು ಮೈ ಹುಡುಕಾಟ. ಸ್ಕ್ರಬ್ ನುಸಿ ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು. ನೋವೂ ಇಲ್ಲ, ತುರಿಕೆಯೂ ಇಲ್ಲ. ಇರುವುದು ಸಾಮಾನ್ಯವಾಗಿ ಬಟ್ಟೆ ಬಿಗಿಯುವ, ಚರ್ಮ ಮಡಚುವ ಕಡೆ: ಕಂಕುಳು, ಸ್ತನಗಳ ಕೆಳಗೆ, ಲಂಗದ ಲಾಡಿ ಕಟ್ಟುವ ಜಾಗ, ತೊಡೆಸಂದು, ಪೃಷ್ಠ, ಕಿವಿಯ ಹಿಂದೆ. ಹೊಟ್ಟೆ ಮುಂದೆ ಬಂದವರಿಗೆ ತೊಡೆಸಂದು ತಮಗೇ ಕಾಣದು. ಸಂಕೋಚಪಟ್ಟು ವೈದ್ಯರೂ ನೋಡದೆ ಬಿಡುತ್ತಾರೆ. ಪತಿಯೋ ನರ್ಸೋ ಟಾರ್ಚ್ ಹಿಡಿದು ನೋಡಲಿ. ಸಿಕ್ಕರೆ ವರದಿಗೆ ಕಾಯದೆ ಔಷಧ ಶುರು ಮಾಡಬಹುದು. ಸಿಗದಿದ್ದರೆ ರೋಗವಿಲ್ಲ ಎಂದಲ್ಲ, ಹಕ್ಕಳೆ ಎಲ್ಲರಲ್ಲೂ ಇರುವುದಿಲ್ಲ.

ಔಷಧದ ಆಯ್ಕೆಯಲ್ಲೇ ಗರ್ಭಿಣಿಯ ಚಿಕಿತ್ಸೆ ಬೇರೆಯಾಗುವುದು. ಉಳಿದವರಿಗೆ ಈ ಮೂರೂ ರೋಗಕ್ಕೆ ಡಾಕ್ಸಿಸೈಕ್ಲಿನ್ ಮೊದಲ ಔಷಧ. ಬಸಿರಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2015ರ ಮಾರ್ಗಸೂಚಿ ಹೇಳುವುದು ಅಜಿಥ್ರೋಮೈಸಿನ್ 500 ಮಿಗ್ರಾಂ, ದಿನಕ್ಕೊಮ್ಮೆ, 5 ದಿನ. ಗರ್ಭಕ್ಕೆ ಇದು ಬಹುಕಾಲದಿಂದ ಬಳಕೆಯಲ್ಲಿರುವ ಔಷಧ. ಸ್ಕ್ರಬ್‌ಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಟೈಫಾಯ್ಡ್‌ಗೂ ಆಗುತ್ತದೆ ಎಂಬುದು ರೋಗ ಖಚಿತವಾಗದ ದಿನಗಳಲ್ಲಿ ಒಂದು ಅನುಕೂಲ. ಒಂದು ಎಚ್ಚರಿಕೆ: ವಾಂತಿಗೆಂದು ಬಸಿರಿನಲ್ಲಿ ಧಾರಾಳವಾಗಿ ಕೊಡುವ ಆಂಡಾನ್‌ಸೆಟ್ರಾನ್ ಜೊತೆ ಇದನ್ನು ತೆಗೆದುಕೊಂಡರೆ ಹೃದಯದ ಬಡಿತದ ಲಯ ಕೆಡುವ ಸಾಧ್ಯತೆ ಹೆಚ್ಚುತ್ತದೆ. ವಾಂತಿಯಿಂದ ಪೊಟ್ಯಾಸಿಯಮ್ ಇಳಿದಿದ್ದರೆ ಇನ್ನೂ ಹೆಚ್ಚು. ನೀವು ಈಗಾಗಲೇ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹಾಳೆಯನ್ನು ತಪ್ಪದೆ ತೋರಿಸಿ. ಮಾತ್ರೆ ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಅದು ಹೊಟ್ಟೆಗೆ ಹೋಗಿಲ್ಲ ಎಂದು ತಿಳಿದು ವೈದ್ಯರಿಗೆ ಹೇಳಿ. ಅಂಥವರಿಗೆ ಡ್ರಿಪ್‌ನಲ್ಲಿ ಕೊಡುವುದೇ ಒಳ್ಳೆಯದು.

ಆದರೆ ಉಣ್ಣೆ ಮತ್ತು ಚಿಗಟದ ಟೈಫಸ್‌ಗೆ ಅಜಿಥ್ರೋಮೈಸಿನ್ ಅಷ್ಟು ಗಟ್ಟಿಯಲ್ಲ. ಲಾವೋಸ್‌ನಲ್ಲಿ ಗರ್ಭಿಣಿಯಲ್ಲದವರ ಮೇಲೆ ನಡೆದ ಪ್ರಯೋಗದಲ್ಲಿ ಮ್ಯೂರಿನ್ ಟೈಫಸ್‌ಗೆ ಮೂರು ದಿನದ ಅಜಿಥ್ರೋಮೈಸಿನ್ ಡಾಕ್ಸಿಸೈಕ್ಲಿನ್‌ಗೆ ಸೋತಿತು. ಹಾಗಾಗಿ ಅಜಿಥ್ರೋಮೈಸಿನ್ ಶುರುವಾದ ಮೇಲೆ 48ರಿಂದ 72 ಗಂಟೆಯೊಳಗೆ ಜ್ವರ ಇಳಿಯಬೇಕು. ಇಳಿಯದಿದ್ದರೆ ಐದು ದಿನ ಮುಗಿಯಲಿ ಎಂದು ಕಾಯದೆ ರೋಗನಿರ್ಣಯವನ್ನೂ ಔಷಧವನ್ನೂ ಮತ್ತೆ ಯೋಚಿಸಬೇಕು. ಅಲ್ಲಿ ಡಾಕ್ಸಿಸೈಕ್ಲಿನ್ ಮಾತು ಬರುತ್ತದೆ, ಮನೆಯವರು ಗಾಬರಿಯಾಗುತ್ತಾರೆ. ಈ ಗಾಬರಿಯ ಮೂಲ ಹಳೆಯ ಟೆಟ್ರಾಸೈಕ್ಲಿನ್. ಮಗುವಿನ ಹಲ್ಲಿಗೆ ಹಳದಿ ಕಲೆ, ಎಲುಬಿಗೆ ತೊಂದರೆ, ಹೆಚ್ಚಿನ ಪ್ರಮಾಣ ಕೊಟ್ಟಾಗ ತಾಯಿಯ ಯಕೃತ್ತಿಗೆ ಹಾನಿ ಇವೆಲ್ಲ ಅದರಲ್ಲಿ ಕಂಡವು. ಡಾಕ್ಸಿಸೈಕ್ಲಿನ್ ಅದೇ ಕುಟುಂಬದ್ದಾದರೂ ಕ್ಯಾಲ್ಸಿಯಂಗೆ ಕಡಿಮೆ ಅಂಟುತ್ತದೆ, ಒಂದು ವಾರದ ಚಿಕಿತ್ಸೆಯಿಂದ ಅಂಥ ಹಾನಿಯಾದ ಬಲವಾದ ಸಾಕ್ಷ್ಯವಿಲ್ಲ. ಜೀವಕ್ಕೆ ಅಪಾಯವಿರುವ ಉಣ್ಣೆ ಜ್ವರದಲ್ಲಿ ಗರ್ಭಿಣಿಗೂ ಅದನ್ನು ಕೊಡುವುದನ್ನು ತಜ್ಞರು ಒಪ್ಪುತ್ತಾರೆ. ನನ್ನ ಅಭಿಪ್ರಾಯವೂ ಅದೇ: ಮಾಮೂಲಿ ಜ್ವರಕ್ಕೆ ಅಲ್ಲ, ಉಸಿರಾಟ ಕೆಟ್ಟಿದ್ದಾಗ, ಪ್ರಜ್ಞೆ ಮಂಕಾಗಿದ್ದಾಗ, ಅಜಿಥ್ರೋಮೈಸಿನ್ ಸೋತಾಗ ತಾಯಿಯನ್ನು ಉಳಿಸುವ ಔಷಧವನ್ನು ತಡೆಹಿಡಿಯುವುದರಿಂದ ಮಗುವಿಗೆ ಲಾಭವಿಲ್ಲ. ತೀವ್ರ ಸ್ಕ್ರಬ್‌ಗೆ ಎರಡೂ ಔಷಧಗಳನ್ನು ಡ್ರಿಪ್‌ನಲ್ಲಿ ಒಟ್ಟಿಗೆ ಕೊಟ್ಟರೆ ಉತ್ತಮ ಎಂದು 2023ರಲ್ಲಿ ಭಾರತದ ಆಸ್ಪತ್ರೆಗಳ ಅಧ್ಯಯನ ತೋರಿಸಿತು. ಅದರಲ್ಲಿ ಗರ್ಭಿಣಿಯರನ್ನು ಸೇರಿಸಿರಲಿಲ್ಲವಾದ್ದರಿಂದ ಆ ತೀರ್ಮಾನ ಐಸಿಯು ವೈದ್ಯರು, ಪ್ರಸೂತಿ ತಜ್ಞರು ಮತ್ತು ಮನೆಯವರು ಕೂತು ಮಾಡಬೇಕಾದದ್ದು. ಕ್ಲೋರಾಂಫೆನಿಕಾಲ್ ಎಂಬ ಹಳೆಯ ಔಷಧವನ್ನು ಹೆರಿಗೆ ಹತ್ತಿರವಿದ್ದಾಗ ಕೊಡಬಾರದು, ನವಜಾತ ಶಿಶುವಿಗೆ ಮಾರಕವಾಗಬಹುದು.

ಈ ಕೆಳಗಿನವು ಕಂಡರೆ ಕ್ಲಿನಿಕ್ ಬೇಡ, ಐಸಿಯು ಇರುವ ಆಸ್ಪತ್ರೆಗೇ ಹೋಗಿ: ಮಾತಾಡುವಾಗ ಏದುಸಿರು ಅಥವಾ ಬೆರಳಿನ ಮಾಪಕದಲ್ಲಿ ಆಮ್ಲಜನಕ 95ಕ್ಕಿಂತ ಕಡಿಮೆ, ಮಂಪರು ಅಥವಾ ಗೊಂದಲದ ಮಾತು, ಮೂತ್ರ ಕಡಿಮೆಯಾಗುವುದು, ಕಣ್ಣು ಹಳದಿ, ಎಲ್ಲಿಂದಾದರೂ ರಕ್ತಸ್ರಾವ, ಹೊಟ್ಟೆ ಬಿಗಿಬಿಗಿಯಾಗಿ ನೋವು, ಮಗುವಿನ ಮಿಸುಕಾಟ ಕಡಿಮೆ.

ಇನ್ನು ನಾಯಿ. ಬಿಟ್ಟು ಬರುವುದರಿಂದ ನಿಮಗೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಕಂದು ಉಣ್ಣೆಗಳಲ್ಲಿ ನಾಯಿಯ ಮೈಮೇಲೆ ಇರುವುದು ಒಂದು ಚಿಕ್ಕ ಪಾಲು, ಉಳಿದವು ಮೊಟ್ಟೆ, ಮರಿಗಳಾಗಿ ನಿಮ್ಮ ಗೋಡೆಯ ಬಿರುಕು, ಬಾಗಿಲ ಚೌಕಟ್ಟು, ಪರದೆಯ ಮಡಿಕೆಯಲ್ಲಿವೆ. ಒಂದು ಹೆಣ್ಣು ಉಣ್ಣೆ ಸಾವಿರಾರು ಮೊಟ್ಟೆ ಇಡುತ್ತದೆ, ದೊಡ್ಡ ಉಣ್ಣೆ ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ. ನಾಯಿ ಹೋದರೆ ಹಸಿದ ಆ ಉಣ್ಣೆಗಳಿಗೆ ಮನೆಯಲ್ಲಿ ಸಿಗುವವರು ನೀವೇ. ಔಷಧ ಹಾಕಿಸಿಕೊಂಡ ನಾಯಿ ಮನೆಯಲ್ಲಿ ಓಡಾಡಿದರೆ ಅದನ್ನು ಕಚ್ಚಿದ ಉಣ್ಣೆ ಸಾಯುತ್ತದೆ, ಸಂತತಿ ಕಡಿಮೆಯಾಗುತ್ತದೆ. ಇದನ್ನು ನಿಮ್ಮ ಅತ್ತೆಯವರಿಗೂ ಓದಿ ಹೇಳಿ.

ಪಶುವೈದ್ಯರನ್ನು ಕೇಳಿ ನುಂಗುವ ಮಾತ್ರೆಯನ್ನೇ ಆರಿಸಿ: ಅಫೊಕ್ಸೊಲೇನರ್ ಆದರೆ ತಿಂಗಳಿಗೊಮ್ಮೆ, ಫ್ಲೂರಾಲೇನರ್ ಆದರೆ ಸುಮಾರು 12 ವಾರಕ್ಕೊಮ್ಮೆ, ತೂಕಕ್ಕೆ ತಕ್ಕ ಮಾತ್ರೆ. ಮೈಗೆ ಹಚ್ಚುವ ಔಷಧ ಅಲ್ಲವಾದ್ದರಿಂದ ನಿಮ್ಮ ಕೈಗೆ ಏನೂ ಅಂಟುವುದಿಲ್ಲ. ನಾಯಿಗೆ ಫಿಟ್ಸ್ ಬಂದ ಇತಿಹಾಸವಿದ್ದರೆ ಮೊದಲೇ ಹೇಳಬೇಕು. ಬೆನ್ನ ಮೇಲೆ ಬಿಡುವ ಫಿಪ್ರೊನಿಲ್ ಹನಿ ಅಗ್ಗ, ಆದರೆ ಪತಿಯೇ ಹಾಕಲಿ, ಎರಡು ದಿನ ನೀವು ನಾಯಿಯನ್ನು ಮುಟ್ಟಬೇಡಿ. ಅಮಿಟ್ರಾಜ್, ಡೆಲ್ಟಾಮೆಥ್ರಿನ್ ನೀರಿಗೆ ಕಲಸಿ ಸ್ನಾನ ಮಾಡಿಸುವ ಪದ್ಧತಿ ಗರ್ಭಿಣಿ ಇರುವ ಮನೆಗೆ ಹೇಳಿದ್ದಲ್ಲ. ಮಾಡಲೇಬೇಕಾದರೆ ಬೇರೆಯವರು, ಹೊರಗೆ, ಗ್ಲೌಸ್ ಹಾಕಿಕೊಂಡು. ಬೆಕ್ಕೂ ಇದ್ದರೆ ನಾಯಿಯ ಪರ್ಮೆಥ್ರಿನ್ ಅಥವಾ ಅಮಿಟ್ರಾಜ್ ಅದಕ್ಕೆ ತಾಗದಿರಲಿ, ಬೆಕ್ಕು ಸಾಯಬಹುದು.

ನಾಯಿಯ ಹಾಸಿಗೆ, ಗೋಣಿಚೀಲವನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ (60 ಡಿಗ್ರಿ ಸೆಲ್ಸಿಯಸ್) ಒಗೆಸಿ. ಹಳೆಯ ಗೋಣಿಯಾದರೆ ಎಸೆದುಬಿಡುವುದೇ ಲೇಸು. ಗೋಡೆಯ ಬಿರುಕಿಗೆ ವಾಲ್ ಪುಟ್ಟಿ ತುಂಬಿಸಿ. ಉಣ್ಣೆ ಮೇಲಕ್ಕೆ ಹತ್ತಿ ಮೊಟ್ಟೆಯಿಡುವ ಜಾತಿಯಾದ್ದರಿಂದ ನೆಲದಂಚು ಮಾತ್ರವಲ್ಲ, ಕಿಟಕಿಯ ಮೇಲಂಚು, ಸೂರಿನ ಮೂಲೆಯನ್ನೂ ನೋಡಬೇಕು. ಚಿಗಟದ ಕತೆ ಇನ್ನೊಂದು. ಅದರ ಗೂಡಿನೊಳಗಿನ ಕೋಶಾವಸ್ಥೆಗೆ ಯಾವ ಸ್ಪ್ರೇಯೂ ತಾಗುವುದಿಲ್ಲ. ವ್ಯಾಕ್ಯೂಮ್ ಕ್ಲೀನರ್‌ನ ಅದುರಿಕೆಗೆ ಅವು ಒಡೆದು ಹೊರಬರುತ್ತವೆ, ಆಗ ಔಷಧಕ್ಕೆ ಸಿಗುತ್ತವೆ. ಆದ್ದರಿಂದ ಎರಡು ವಾರ ದಿನವೂ ವ್ಯಾಕ್ಯೂಮ್ ಮಾಡಿ ಧೂಳಿನ ಚೀಲವನ್ನು ಕಟ್ಟಿ ಹೊರಗೆ ಎಸೆಯಬೇಕು.

ಪೆಸ್ಟ್ ಕಂಟ್ರೋಲ್ ಕರೆಸುವುದಾದರೆ ಯಾವ ಔಷಧ ಎಂದು ಮೊದಲೇ ಕೇಳಿ. ಪೈರೆಥ್ರಾಯ್ಡ್, ಜೊತೆಗೆ ಮರಿಗಳ ಬೆಳವಣಿಗೆ ತಡೆಯುವ ಪೈರಿಪ್ರೊಕ್ಸಿಫೆನ್ ಆದರೆ ಸರಿ. ಡೈಕ್ಲೋರ್‌ವಾಸ್ ಎಂದರೆ ವಾಪಸ್ ಕಳಿಸಿ, ಅದು ದೇಶದಲ್ಲಿ 2020ರ ಕೊನೆಯಿಂದ ನಿಷೇಧ. ಕ್ಲೋರ್‌ಪೈರಿಫಾಸ್ ಕೂಡ ಬಸಿರಿನ ಮನೆಗೆ ಬೇಡ. ಸಿಂಪಡಿಸುವ ದಿನ ನೀವು ಬೇರೆಡೆ ಇದ್ದು, ನೆಲ ಒಣಗಿ ಕಿಟಕಿ ತೆರೆದು ಗಾಳಿಯಾಡಿದ ಮೇಲೆ ಮರುದಿನ ಬನ್ನಿ. ಮೊಟ್ಟೆಯೊಡೆದು ಬರುವ ಮರಿಗಳಿಗಾಗಿ ಎರಡು ಮೂರು ವಾರ ಬಿಟ್ಟು ಇನ್ನೊಂದು ಸುತ್ತು ಬೇಕು. ಒಂದೇ ಸುತ್ತಿಗೆ ನಿಲ್ಲಿಸುವುದರಿಂದಲೇ ‘ಎಷ್ಟು ಹೊಡೆಸಿದರೂ ಹೋಗಲಿಲ್ಲ’ ಎನ್ನುವಂತಾಗುವುದು.

ಹೆಗ್ಗಣಗಳ ವಿಷಯದಲ್ಲಿ ಅನುಕ್ರಮ ಮುಖ್ಯ. ಮೊದಲು ಅವು ಓಡಾಡುವ ದಾರಿ, ಬಿಲದ ಬಾಯಿಗೆ ಚಿಗಟ ಸಾಯಿಸುವ ಪುಡಿ, ಆಮೇಲೆ ಪಾಷಾಣ ಅಥವಾ ಬೋನು. ತಿರುಗಾಮುರುಗಾ ಮಾಡಿದರೆ ಸತ್ತ ಹೆಗ್ಗಣದ ಮೈ ತಣ್ಣಗಾದ ಕೂಡಲೇ ಚಿಗಟಗಳು ಹೊಸ ಮೈ ಹುಡುಕಿಕೊಂಡು ನಿಮ್ಮ ಮನೆಗೆ ಬರುತ್ತವೆ. ಸೈಟಿನ ಮಾಲೀಕರಿಗೆ, ಕೇಳದಿದ್ದರೆ ಪಾಲಿಕೆಗೆ ದೂರು ಕೊಟ್ಟು ಕಳೆ ಕೊಚ್ಚಿಸಿ. ಪೂರ್ತಿ ಆಗದಿದ್ದರೆ ನಿಮ್ಮ ಕಾಂಪೌಂಡಿನಿಂದ ಎರಡು ಮೂರು ಮೀಟರ್ ಪಟ್ಟಿಯನ್ನಾದರೂ ಬೋಳಾಗಿಡಿ. ಕಳೆ ಕೀಳಲು ನೀವು ಇಳಿಯಬೇಡಿ, ನಾಯಿಯನ್ನು ಅಲ್ಲಿಗೆ ಬಿಡಬೇಡಿ, ಪೊದೆಯ ಮೇಲೆ ಬಟ್ಟೆ ಒಣಹಾಕಬೇಡಿ.

ಮತ್ತೆ ಉಣ್ಣೆ ಕಚ್ಚಿದರೆ ಸೀಮೆಎಣ್ಣೆ, ಸುಣ್ಣ, ಹೊಗೆಸೊಪ್ಪು, ಬೀಡಿಯ ಕಿಡಿ ಯಾವುದೂ ಬೇಡ. ಕೆರಳಿದ ಉಣ್ಣೆ ಜೊಲ್ಲನ್ನು ಗಾಯಕ್ಕೆ ಕಕ್ಕುತ್ತದೆ. ಹುಬ್ಬು ತಿದ್ದುವ ಚೂಪು ತುದಿಯ ಪ್ಲಕ್ಕರ್‌ನಿಂದ ಚರ್ಮಕ್ಕೆ ತಾಗುವಷ್ಟು ಕೆಳಗೆ, ಬಾಯಿಯ ಹತ್ತಿರ ಹಿಡಿದು, ತಿರುಚದೆ, ಜರ್ರನೆ ಎಳೆಯದೆ ನೇರ ಮೇಲಕ್ಕೆ ಎತ್ತಿ. ಬಾಯಿಯ ಚೂರು ಉಳಿದರೆ ಕೆದಕಬೇಡಿ, ತಾನಾಗಿ ಉದುರುತ್ತದೆ. ಸೋಪಿನಿಂದ ತೊಳೆದು ಸ್ಪಿರಿಟ್ ಹಚ್ಚಿ. ಉಣ್ಣೆಯನ್ನು ಸೆಲ್ಲೋಟೇಪಿನಲ್ಲಿ ಅಂಟಿಸಿ ಮಡಚಿ ಎಸೆಯಿರಿ.

ಕೊನೆಗೆ ತವರು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದೇ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ನಿಮ್ಮ ಸಾಗರ ತಾಲ್ಲೂಕಿನ ಅರಳಗೋಡು ಭಾಗ 2018–19ರಲ್ಲಿ ಅದರಿಂದ ತತ್ತರಿಸಿತ್ತು. ಕಾಲ ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ನಿಮ್ಮ ಹೆರಿಗೆ ಮತ್ತು ಬಾಣಂತನ ಎರಡೂ ಅದರೊಳಗೇ. ಇದು ವೈರಸ್, ಮೇಲೆ ಹೇಳಿದ ಯಾವ ಆಂಟಿಬಯಾಟಿಕ್ಕೂ ನಾಟುವುದಿಲ್ಲ, ನಿರ್ದಿಷ್ಟ ಔಷಧವೂ ಇಲ್ಲ, ಆಸ್ಪತ್ರೆಯ ಆರೈಕೆಯೇ ಚಿಕಿತ್ಸೆ. ಹಾಗೆಂದು ತವರಿನ ಆಸೆ ಬಿಡಬೇಕಿಲ್ಲ. ಎಲ್ಲ ಊರಿನಲ್ಲೂ ಪ್ರತಿ ವರ್ಷವೂ ಅದು ಇರುವುದಿಲ್ಲ. ಡಿಸೆಂಬರ್ ಕೊನೆಗೆ ನಿಮ್ಮ ತಾಯಿಯವರಿಂದ ಅಲ್ಲಿನ ಆಶಾ ಕಾರ್ಯಕರ್ತೆಯನ್ನು ಎರಡು ಪ್ರಶ್ನೆ ಕೇಳಿಸಿ: ಈ ಹಂಗಾಮಿನಲ್ಲಿ ಸುತ್ತಮುತ್ತ ಮಂಗ ಸತ್ತಿದೆಯೆ? ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ಜ್ವರದ ಪ್ರಕರಣ ಬಂದಿದೆಯೆ? ಹೌದು ಎಂದಾದರೆ ಈ ಸಲ ಅಮ್ಮನೇ ಬೆಂಗಳೂರಿಗೆ ಬಂದು ಬಾಣಂತನ ಮಾಡುವುದು ನನ್ನ ಸಲಹೆ. ಇಲ್ಲವೆಂದಾದರೆ ಹೋಗಿ, ಆದರೆ ಕಾಡಿನ ಅಂಚು, ತರಗೆಲೆಯ ರಾಶಿ, ಕೊಟ್ಟಿಗೆಗೆ ತಂದ ಸೊಪ್ಪು, ಕಟ್ಟಿಗೆಯ ಅಟ್ಟದಿಂದ ದೂರವಿರಿ. ರೋಗ ಹರಡುವುದು ಮುಖ್ಯವಾಗಿ ತರಗೆಲೆಯಲ್ಲಿರುವ ಕಾಡಿನ ಉಣ್ಣೆಯ ಸಣ್ಣ ಮರಿಗಳು, ಅವು ಕಾಡಿಗೆ ಹೋಗಿಬಂದವರ ಬಟ್ಟೆಯಲ್ಲಿ ಮನೆಗೆ ಬರುತ್ತವೆ. ತೋಟ, ಕಾಡಿಂದ ಬಂದವರು ಅಲ್ಲೇ ಬಚ್ಚಲಲ್ಲಿ ಬಟ್ಟೆ ಕಳಚಿ, ಬಿಸಿನೀರಲ್ಲಿ ನೆನೆಹಾಕಿ, ಸ್ನಾನ ಮುಗಿಸಿ ನಿಮ್ಮ ಬಳಿ ಬರಲಿ.

ಹಚ್ಚಿಕೊಳ್ಳುವ ನಿವಾರಕಗಳಲ್ಲಿ ಗರ್ಭಿಣಿಯರಲ್ಲೇ ಪರೀಕ್ಷಿಸಿ ನೋಡಿದ್ದು 20% ಡೀಟ್. ಥಾಯ್–ಮ್ಯಾನ್ಮಾರ್ ಗಡಿಯಲ್ಲಿ ನಾಲ್ಕನೇ ತಿಂಗಳಿನಿಂದ ಹೆರಿಗೆವರೆಗೆ ದಿನವೂ ಹಚ್ಚಿಕೊಂಡ ಮಹಿಳೆಯರ ಮಕ್ಕಳಲ್ಲಿ ತೊಂದರೆ ಕಾಣಲಿಲ್ಲ. ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ ಕಾಡಿಗೆ ಹೋಗುವ ಮನೆಯವರಿಗಿರಲಿ, ನಿಮಗೆ ಡೀಟ್ ಸಾಕು. ಹೊರಗೆ ಹೋಗುವಾಗ ಕಾಲು, ಕೈಗೆ ತೆಳುವಾಗಿ ಹಚ್ಚಿ, ಒಳಗೆ ಬಂದ ಮೇಲೆ ತೊಳೆದುಕೊಳ್ಳಿ. ಮಗು ಹುಟ್ಟಿದ ಮೇಲೆ ಎದೆಯ ಹತ್ತಿರ ಹಚ್ಚಬೇಡಿ.

ತವರಿನಲ್ಲಿ ಜ್ವರ ಬಂದರೆ ‘ಶೀತ’ ಎಂದು ಕಷಾಯ ಕುಡಿದು ಎರಡು ದಿನ ನೋಡಬೇಡಿ. ಮಂಗನ ಕಾಯಿಲೆಗೆ ಮೊದಲ ದಿನಗಳ ರಕ್ತದಲ್ಲೇ ಆರ್‌ಟಿ-ಪಿಸಿಆರ್ ಆಗಬೇಕು, ಶಿವಮೊಗ್ಗದಲ್ಲಿ ಅದಕ್ಕೆಂದೇ ಸರ್ಕಾರಿ ಪ್ರಯೋಗಾಲಯವಿದೆ. ನಿಮ್ಮ ವಿಷಯದಲ್ಲಿ ಅದರ ಜೊತೆಗೇ ಸ್ಕ್ರಬ್ ಪರೀಕ್ಷೆಯನ್ನೂ ಕಳಿಸುವಂತೆ ಕೇಳಿ, ವರದಿ ಬರುವ ತನಕ ಅಜಿಥ್ರೋಮೈಸಿನ್ ಶುರು ಮಾಡಬಹುದೇ ಎಂದೂ ಕೇಳಿ. ಹೆರಿಗೆಗೆ ಹಿಂದಿನ ಎರಡು ವಾರದೊಳಗೆ ಇಂಥ ಜ್ವರ ಬಂದಿದ್ದರೆ ಅದನ್ನು ಮಕ್ಕಳ ವೈದ್ಯರಿಗೆ ತಪ್ಪದೆ ತಿಳಿಸಿ: ಅಪರೂಪಕ್ಕೆ ಸೋಂಕು ಮಗುವಿಗೂ ದಾಟುತ್ತದೆ, ಅಂಥ ಶಿಶುವನ್ನು ಕೆಲವು ದಿನ ಹೆಚ್ಚು ಗಮನವಿಟ್ಟು ನೋಡಬೇಕಾಗುತ್ತದೆ. ಅಜಿಥ್ರೋಮೈಸಿನ್ ನಡೆಯುತ್ತಿದ್ದರೂ ಎದೆಹಾಲು ಕೊಡಬಹುದು.